ಎಮ್ಮೆ ಹಾಲು ಕದಿಯುವುದಿಲ್ಲ

ನಮ್ಮ ಚಿಗವ್ವ ಮದುವೆಗೆಂದು ಗದಗಿಗೆ ಹೋದಳು. ಮನೆಯಲ್ಲಿ ಎರಡು ಹೊತ್ತು ಚಹಾಕ್ಕೆ ಹಾಲಿಲ್ಲ. ಎಮ್ಮೆ ಇತ್ತು, ಕರು ಇತ್ತು, ಹಿಂಡಲು ಕಾಕಾನೂ ಇದ್ದ. ಆದರೆ ಕಾಕಾ ಹತ್ತಿರ ಕುಂತರೆ ಸಾಕು, ಎಮ್ಮೆ ಕಾಲು ಝಾಡಿಸುತ್ತಿತ್ತು. ಅರ್ಧ ತಾಸು ಜಗ್ಗಾಡಿದರೂ ತಂಬಿಗೆಯ ತಳ ಮುಚ್ಚಲಿಲ್ಲ. "ಹಾಲು ಕದ್ದಾಳ ನೋಡ, ಕಳ್ಳಿ" ಎಂದು ಬೈದ. ಬೆನ್ನಿಗೆ ಎರಡು ಏಟೂ ಬಿದ್ದವು. ಮೂರನೆಯ ಹೊತ್ತಿಗೆ ಅಜ್ಜಿ ಒಂದು ಉಪಾಯ ಹೇಳಿದಳು. ಚಿಗವ್ವ ಹಿಂಡುವಾಗ ಉಡುತ್ತಿದ್ದ ಹಳೇ ಇಳಕಲ್ ಸೀರೆ ಗೂಟಕ್ಕೆ ತೂಗುತ್ತಿತ್ತು. ಕಾಕಾ ಅದನ್ನು ಧೋತರದ ಮೇಲೆಯೇ ಸುತ್ತಿಕೊಂಡ, ಸೆರಗನ್ನು ತಲೆಗೆ ಹೊದ್ದ, ಬಾಯಿ ಮುಚ್ಚಿಕೊಂಡು ಎಮ್ಮೆಯ ಪಕ್ಕ ಕುಂತ. ಎಮ್ಮೆ ಮೂಸಿ ನೋಡಿತು. ಗ್ವಾದಲಿಯಲ್ಲಿದ್ದ ಹತ್ತಿಕಾಳಿಗೆ ಬಾಯಿ ಹಾಕಿತು. ಸ್ವಲ್ಪ ಹೊತ್ತಿಗೆ ತಂಬಿಗೆಯಲ್ಲಿ ಸರ್ ಸರ್ ಸದ್ದು.

ಕುಂದಗೋಳ ಕಡೆಯ ಹಳ್ಳಿಗಳಲ್ಲಿ ಇದು ಅಂಥಾ ಹೊಸ ಕಥೆಯೇನಲ್ಲ. ಹೆಂಡತಿಯ ಸೀರೆ ಉಟ್ಟು ಎಮ್ಮೆ ಹಿಂಡಿದ ಗಂಡಸರು ಬೇಕಾದಷ್ಟು ಜನ ಇದ್ದಾರೆ, ಒಪ್ಪಿಕೊಳ್ಳುವವರು ಕಡಿಮೆ ಅಷ್ಟೇ. ನಾವು ಹುಡುಗರು ಅವತ್ತು ಬಿದ್ದು ಬಿದ್ದು ನಕ್ಕಿದ್ದೆವು. ಮುಂದೆ ಕಾಲೇಜಿನಲ್ಲಿ ಜೀವಶಾಸ್ತ್ರ ಓದುವಾಗ ಗೊತ್ತಾಯಿತು, ಅಜ್ಜಿಯ ಉಪಾಯದಲ್ಲಿ ಮೂರು ಪಾಠಗಳು ಅಡಗಿದ್ದವು. ಪುಸ್ತಕದಲ್ಲಿ ಹಾರ್ಮೋನು ಒಂದು ಪಾಠ, ಸ್ನಾಯು ಇನ್ನೊಂದು, ರಕ್ತದ ಓಡಾಟ ಮತ್ತೊಂದು. ಒಂದಕ್ಕೊಂದು ಸಂಬಂಧವೇ ಇಲ್ಲವೇನೋ ಅನ್ನುವ ಹಾಗೆ ಬೇರೆ ಬೇರೆ ಇಟ್ಟಿರುತ್ತಾರೆ. ಎಮ್ಮೆಯ ಕೆಚ್ಚಲಲ್ಲಿ ಮೂರೂ ಒಂದೇ ಹೊತ್ತಿಗೆ ಕೂಡಿ ಕೆಲಸ ಮಾಡುವುದನ್ನು ದಿನಾ ಎರಡು ಸಲ ನೋಡಬಹುದು.

ಮೊದಲು, ಹಾಲು ಇರುವುದೆಲ್ಲಿ? ಕೆಚ್ಚಲು ಅಂದರೆ ಹಾಲು ತುಂಬಿದ ಚೀಲ, ಮೊಲೆ ಅಂದರೆ ಅದರ ನಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಕೆಚ್ಚಲ ಒಳಗಿನ ರಚನೆ ಬೇರೆಯೇ ಇದೆ. ತುಂಬಿದ ಜೋಳದ ತೆನೆಯನ್ನು ನೆನಪಿಸಿಕೊಳ್ಳಿ. ನಡುವೆ ದಂಟು, ಅದರಿಂದ ಸಣ್ಣ ಸಣ್ಣ ಕಡ್ಡಿ, ಕಡ್ಡಿಯ ತುದಿಗೆ ಕಾಳು. ಕೆಚ್ಚಲಲ್ಲಿ ಕಾಳಿನ ಜಾಗದಲ್ಲಿ ಟೊಳ್ಳಾದ ಪುಟ್ಟ ಗುಳ್ಳೆಗಳಿವೆ, ಗಸಗಸೆಗಿಂತ ಸಣ್ಣವು. ಅಂಥವು ಲೆಕ್ಕಕ್ಕೆ ಸಿಗದಷ್ಟು. ಗುಳ್ಳೆಯ ಒಳಗೋಡೆಯ ಜೀವಕೋಶಗಳು ಹಾಲು ತಯಾರಿಸಿ ಒಳಗೆ ಬಿಡುತ್ತವೆ. ಅಲ್ಲಿಂದ ಕೂದಲಿನಂಥ ಕೊಳವೆ, ಆಮೇಲೆ ದಪ್ಪ ಕೊಳವೆ, ಕೊನೆಗೆ ಮೊಲೆಯ ಮೇಲೆ ಒಂದು ಸಣ್ಣ ತೊಟ್ಟಿ. ಕೈಯಿಂದ ಜಗ್ಗಿದರೆ ಬರುವುದು ಆ ತೊಟ್ಟಿಯ ಹಾಲು ಮಾತ್ರ.

ಹಸುವಿನಲ್ಲಿ ಆ ತೊಟ್ಟಿಯಲ್ಲಿ ಸುಮಾರು 20 ಶೇಕಡಾ ಹಾಲು ಇಳಿದು ನಿಂತಿರುತ್ತದೆ. ಎಮ್ಮೆಯಲ್ಲಿ ಬರೀ 5 ಶೇಕಡಾ. ಉಳಿದ 95 ಶೇಕಡಾ ಮೇಲೆ ಗುಳ್ಳೆಗಳಲ್ಲಿಯೇ ಕುಂತಿರುತ್ತದೆ. ಸಾಲದ್ದಕ್ಕೆ ಎಮ್ಮೆಯ ಮೊಲೆಯ ತುದಿಯಲ್ಲಿ ಬಾಗಿಲು ಹಾಕುವ ಸ್ನಾಯು ಹಸುವಿನದಕ್ಕಿಂತ ಬಿಗಿ. ಕಾಕಾನ ತಂಬಿಗೆಗೆ ಬಿದ್ದದ್ದು ಆ 5 ಶೇಕಡಾ. ಅದಕ್ಕೇ ತಳವೂ ಮುಚ್ಚಲಿಲ್ಲ.

ಹಾಗಾದರೆ ಮೇಲಿನ ಹಾಲನ್ನು ಕೆಳಗೆ ಇಳಿಸುವವರು ಯಾರು? ಪ್ರತಿ ಗುಳ್ಳೆಯ ಹೊರಮೈಗೆ ನಕ್ಷತ್ರದ ಆಕಾರದ ಕೋಶಗಳು ಬುಟ್ಟಿ ಹೆಣೆದ ಹಾಗೆ ಅಪ್ಪಿಕೊಂಡಿರುತ್ತವೆ. ಇವು ಪೂರಾ ಸ್ನಾಯುಗಳಲ್ಲ. ಹುಟ್ಟಿನಿಂದ ಚರ್ಮದ ಕುಲದವು, ಕೆಲಸ ಮಾತ್ರ ಸ್ನಾಯುವಿನದು. ನಮ್ಮ ತೋಳಿನ ಸ್ನಾಯುವಿನಲ್ಲಿ ಇರುವಂಥದ್ದೇ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ಇವುಗಳಲ್ಲೂ ಇವೆ. ಆ ಎಳೆಗಳು ಒಂದರ ಮೇಲೊಂದು ಜಾರಿದರೆ ಬುಟ್ಟಿ ಬಿಗಿಯುತ್ತದೆ, ಗುಳ್ಳೆ ಹಿಂಡುತ್ತದೆ, ಹಾಲು ಕೊಳವೆಗೆ ನುಗ್ಗುತ್ತದೆ. ಎಲ್ಲ ಗುಳ್ಳೆಗಳೂ ಒಟ್ಟಿಗೇ ಹಿಂಡಿದಾಗ ಕೆಚ್ಚಲು ನೋಡನೋಡುತ್ತ ಬಿಗಿದು, ಮೊಲೆ ತುಂಬಿ ಹೊಳೆಯುತ್ತದೆ. ಇದನ್ನೇ ನಮ್ಮವರು ಎಮ್ಮೆ ತೊರೆ ಬಿಟ್ಟಿತು ಅನ್ನುವುದು. ಕೆಲವು ಕಡೆ ಸೊರೆ ಬಿಡುವುದು ಅಂತಾರೆ. ಅಂದರೆ ನಿಜವಾಗಿ ಹಾಲು ಹಿಂಡುವುದು ಎಮ್ಮೆಯೇ. ನಮ್ಮ ಕೈ ಬಾಗಿಲು ತೆಗೆಯುತ್ತದೆ, ಅಷ್ಟೇ.

ಇಲ್ಲಿ ಒಂದು ಸೋಜಿಗ ಇದೆ. ತೋಳಿನ ಸ್ನಾಯುವಿಗೆ ಮಿದುಳಿನಿಂದ ನರದ ತಂತಿ ಬಂದಿರುತ್ತದೆ. ಈ ಬುಟ್ಟಿ ಕೋಶಗಳಿಗೆ ನರವೇ ಇಲ್ಲ. ಮೊಲೆಯ ಚರ್ಮದಲ್ಲಿ ನರಗಳಿವೆ, ಕರು ಚೀಪಿದ ಸುದ್ದಿಯನ್ನು ಅವು ಬೆನ್ನುಹುರಿಯ ಮೂಲಕ ಮಿದುಳಿಗೆ ಮುಟ್ಟಿಸುತ್ತವೆ. ಹೋಗುವ ದಾರಿ ತಂತಿಯದು. ಮರಳಿ ಬರುವ ದಾರಿ ಮಾತ್ರ ರಕ್ತದ್ದು.

ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಅನ್ನುವ ಪುಟ್ಟ ಭಾಗವಿದೆ. ಅಲ್ಲಿಯ ನರಕೋಶಗಳು ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು, ಅಂದರೆ ರಕ್ತದಲ್ಲಿ ಸುದ್ದಿ ಒಯ್ಯುವ ರಸವನ್ನು ತಯಾರಿಸಿ, ಅದರ ಕೆಳಗೆ ತೂಗುವ ಪಿಟ್ಯೂಟರಿ ಗ್ರಂಥಿಯ ಹಿಂಭಾಗದಲ್ಲಿ ಕೂಡಿಡುತ್ತವೆ. ಸುದ್ದಿ ಬಂದೊಡನೆ ಅದನ್ನು ರಕ್ತಕ್ಕೆ ಬಿಡುತ್ತವೆ. ಅದು ಕುತ್ತಿಗೆಯ ರಕ್ತನಾಳದಲ್ಲಿ ಇಳಿದು ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಮತ್ತೆ ಹೃದಯದ ಎಡಭಾಗಕ್ಕೆ, ಅಲ್ಲಿಂದ ಮಹಾಧಮನಿ ಹಿಡಿದು ಹಿಂಗಾಲಿನ ನಡುವಿನ ಕೆಚ್ಚಲಿಗೆ ಬರುತ್ತದೆ. ತಲೆಯಿಂದ ಕೆಚ್ಚಲಿಗೆ ಹೋಗಲು ಹೃದಯವನ್ನು ಎರಡು ಸಲ ಹಾಯಬೇಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಗದಗ ಸುತ್ತಿ ಹೋದ ಹಾಗೆ. ಆದರೆ ಬೇರೆ ದಾರಿಯೇ ಇಲ್ಲ.

ಅದಕ್ಕೇ ತಡವಾಗುವುದು. ಹಸುವಿನಲ್ಲಿ ಮೊಲೆ ಮುಟ್ಟಿದ ಮೇಲೆ ಅರ್ಧ ನಿಮಿಷದಿಂದ ಒಂದೆರಡು ನಿಮಿಷದಲ್ಲಿ ತೊರೆ ಇಳಿಯುತ್ತದೆ. ಎಮ್ಮೆಗೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಚಿಗವ್ವ ಕೆಚ್ಚಲು ತೊಳೆದು, ಕರುವನ್ನು ಬಿಟ್ಟು, ಮೊಲೆ ಸವರುತ್ತ ಏನೋ ಗುನುಗುತ್ತ ಕೂಡುತ್ತಿದ್ದಳಲ್ಲ, ಅದು ಸುಮ್ನೆ ಹೊತ್ತು ಕಳೆಯುವುದು ಅಂದುಕೊಂಡಿದ್ದೆ. ಅವಳು ಆಕ್ಸಿಟೋಸಿನ್ ಬರುವ ದಾರಿ ಕಾಯುತ್ತಿದ್ದಳು, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಇಡೀ ಮೈಯ ರಕ್ತದಲ್ಲಿ ಬೆರೆತ ಆಕ್ಸಿಟೋಸಿನ್ ಕೆಚ್ಚಲನ್ನೇ ಹೇಗೆ ಗುರುತಿಸುತ್ತದೆ? ಗುರುತಿಸುವುದಿಲ್ಲ. ಡಂಗುರ ಸಾರುವವನು ಎಲ್ಲ ಓಣಿಗಳಲ್ಲೂ ಸಾರುತ್ತಾನೆ, ಯಾರಿಗೆ ಸಂಬಂಧವೋ ಅವರು ಬಾಗಿಲು ತೆಗೆದು ಬರುತ್ತಾರೆ. ಹಾಗೆಯೇ ಹಾರ್ಮೋನು ಎಲ್ಲ ಅಂಗಕ್ಕೂ ಹೋಗುತ್ತದೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನ್ ಯಾವ ಕೋಶದ ಮೇಲಿದೆಯೋ ಆ ಕೋಶ ಮಾತ್ರ ಓಗೊಡುತ್ತದೆ. ಕೆಚ್ಚಲಿನ ಬುಟ್ಟಿ ಕೋಶಕ್ಕೆ ಆ ಗ್ರಾಹಕ ಇದೆ. ಗರ್ಭಕೋಶದ ಸ್ನಾಯುವಿಗೂ ಇದೆ. ಈದ ಕೂಡಲೇ ಕರುವನ್ನು ಮೊಲೆಗೆ ಬಿಟ್ಟರೆ ಮಾಸು ಬೇಗ ಬೀಳುತ್ತದೆ ಎಂದು ಹಿರಿಯರು ಹೇಳುವುದರ ಹಿಂದೆ ಇದೇ ಡಂಗುರ ಇದೆ. ಬಾಣಂತಿಗೆ ಕೂಸು ಹಾಲು ಕುಡಿಯುವಾಗ ಹೊಟ್ಟೆ ಹಿಂಡಿದಂತೆ ಆಗುವುದೂ ಇದರಿಂದಲೇ.

ಇದೆಲ್ಲ ತಿಳಿದದ್ದು ಬಹಳ ಹಿಂದೇನಲ್ಲ. ಹಾರ್ಮೋನು ಅನ್ನುವ ಪದವನ್ನೇ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ಮರುವರ್ಷ ಹೆನ್ರಿ ಡೇಲ್ ಪಿಟ್ಯೂಟರಿಯ ರಸ ಗರ್ಭಕೋಶವನ್ನು ಬಿಗಿಸುವುದನ್ನು ಕಂಡ. 1910ರಲ್ಲಿ ಆಟ್ ಮತ್ತು ಸ್ಕಾಟ್ ಎಂಬಿಬ್ಬರು ಅದೇ ರಸ ಆಡಿನ ಹಾಲನ್ನು ಹರಿಸುವುದನ್ನು ತೋರಿಸಿದರು. ಆಕ್ಸಿಟೋಸಿನ್ ಬರೀ ಒಂಬತ್ತು ಅಮೈನೊ ಆಮ್ಲಗಳ ಪುಟ್ಟ ಸರ. ಅದನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ಮತ್ತೆ ಜೋಡಿಸಿದ ವಿನ್ಸೆಂಟ್ ಡು ವಿಗ್ನೋಗೆ 1955ರಲ್ಲಿ ನೊಬೆಲ್ ಬಂತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1941ರ ಒಂದು ಪ್ರಯೋಗ. ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಹಸುವಿನ ಕೆಚ್ಚಲಿನ ಅರ್ಧಭಾಗದ ನರಗಳನ್ನು ಕತ್ತರಿಸಿದರು. ಇನ್ನರ್ಧ ಹಾಗೇ ಬಿಟ್ಟರು. ಹಿಂಡುವಾಗ ಎರಡೂ ಕಡೆ ತೊರೆ ಇಳಿಯಿತು. ಅಪ್ಪಣೆ ಬರುವುದು ರಕ್ತದಲ್ಲಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆಮೇಲೆ ಹಸುವನ್ನು ಹೆದರಿಸಿ ನೋಡಿದರು. ಹೇಗಂತೀರಿ? ಅದರ ಬೆನ್ನ ಮೇಲೆ ಬೆಕ್ಕು ಕೂಡಿಸಿ, ಹತ್ತು ಸೆಕೆಂಡಿಗೊಮ್ಮೆ ಕಾಗದದ ಚೀಲ ಊದಿ ಢಬ್ ಎಂದು ಒಡೆದರು, ಎರಡು ನಿಮಿಷ. ಹಾಲು ನಿಂತುಹೋಯಿತು. ಮುಂದಿನ ಸಲ ಬೆಕ್ಕು ಬೇಕಾಗಿಲ್ಲ ಎಂದು ಕೈಬಿಟ್ಟರಂತೆ, ಚೀಲದ ಸದ್ದೇ ಸಾಕಾಗಿತ್ತು. ಅಡ್ರಿನಲಿನ್ ಚುಚ್ಚಿದರೂ ಅದೇ ಗತಿ.

ಅಡ್ರಿನಲಿನ್ ನಮಗೆ ಗೊತ್ತಿರುವ ಹಾರ್ಮೋನು. ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕುಂತ ಗ್ರಂಥಿಯಿಂದ ಬರುತ್ತದೆ. ಹುಲಿ ಕಂಡಾಗ ಓಡಲು ಕಾಲಿಗೆ ರಕ್ತ ಬೇಕು, ಕೆಚ್ಚಲಿಗೆ ಬೇಡ. ಹಾಗಾಗಿ ಅದು ಕೆಚ್ಚಲಿಗೆ ಹೋಗುವ ರಕ್ತನಾಳಗಳ ಸ್ನಾಯುವನ್ನು ಬಿಗಿಸುತ್ತದೆ. ನಾಳ ಕಿರಿದಾದರೆ ಆಕ್ಸಿಟೋಸಿನ್ ಹೊತ್ತ ರಕ್ತ ಗುಳ್ಳೆಗಳ ತನಕ ಮುಟ್ಟುವುದೇ ಕಷ್ಟ. ಹೆದರಿಕೆ ಜಾಸ್ತಿ ಇದ್ದರೆ, ಅಥವಾ ಜಾಗ ಮತ್ತು ಜನ ಹೊಸದಾಗಿದ್ದರೆ, ಮಿದುಳು ಆಕ್ಸಿಟೋಸಿನ್ ಬಿಡುವುದನ್ನೇ ತಡೆಯುತ್ತದೆ.

ಕಾಕಾ ಬೈದದ್ದು ಇಲ್ಲಿಯೇ ತಪ್ಪು. ಎಮ್ಮೆಗೆ ಹಾಲು ಕದಿಯಲು ಬರುವುದೇ ಇಲ್ಲ. ಬುಟ್ಟಿ ಕೋಶಗಳ ಮೇಲೆ ಅದಕ್ಕೆ ಹಿಡಿತವಿಲ್ಲ, ನಮ್ಮ ಹೊಟ್ಟೆ ಗುಡುಗುಟ್ಟುವುದರ ಮೇಲೆ ನಮಗೆ ಹಿಡಿತ ಇಲ್ಲದ ಹಾಗೆ. ಬೆನ್ನಿಗೆ ಏಟು ಬಿದ್ದ ಮೇಲಂತೂ ಕೇಳುವುದೇ ಬೇಡ. ಹೊಡೆಯುವವನು ಬಾಗಿಲಿಗೆ ತಾನೇ ಇನ್ನೊಂದು ಕೀಲಿ ಹಾಕುತ್ತಾನೆ. ಅಂಥ ಹೊತ್ತಿನಲ್ಲಿ ಮಾಡಬೇಕಾದ್ದು ಎದ್ದು ಹೋಗುವುದು. ಅರ್ಧ ತಾಸು ಬಿಟ್ಟು, ತಣ್ಣಗೆ ಮರಳಿ ಬಂದರೆ ಕೆಲಸ ಆದೀತು. ದೀಪಾವಳಿಯ ಪಟಾಕಿ, ಓಣಿಯಲ್ಲಿ ಮದುವೆಯ ಬ್ಯಾಂಡು, ಹೊಸ ನಾಯಿ, ಹೊಸ ಆಳು, ಇವೆಲ್ಲ ಆ ಬೆಕ್ಕಿನ ಬಳಗವೇ.

ಸೀರೆ ಮಾಡಿದ್ದು ಇದರ ತಿರುಗುಮುರುಗು. ದಿನಾ ಅದೇ ವಾಸನೆ, ಅದೇ ಬಣ್ಣದ ನೆರಳು, ಆಮೇಲೆ ಹತ್ತಿಕಾಳು, ಆಮೇಲೆ ಕರು. ವರ್ಷಗಟ್ಟಲೆ ಇದೇ ಸಾಲು ನಡೆದರೆ ಮಿದುಳು ಮೊದಲ ಸುಳಿವಿಗೇ ಆಕ್ಸಿಟೋಸಿನ್ ಬಿಡುವುದನ್ನು ಕಲಿಯುತ್ತದೆ. ಮೊಲೆ ಮುಟ್ಟುವ ತನಕ ಕಾಯುವುದೂ ಇಲ್ಲ. ಬಕೆಟಿನ ಸದ್ದಿಗೇ ಕೆಲವು ಹಸುಗಳ ಮೊಲೆಯಿಂದ ಹಾಲು ತೊಟ್ಟಿಕ್ಕುವುದನ್ನು ನೋಡಿದ್ದೀರಲ್ವಾ? ಕರು ಸತ್ತಾಗ ಅದರ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವ ಹಳೇ ರೂಢಿ ಇತ್ತು. ನೋಡಲು ಕರುಳು ಚುರ್ ಅನ್ನುತ್ತದೆ. ಆದರೆ ತಾಯಿ ಅದನ್ನು ನೆಕ್ಕುತ್ತ ತೊರೆ ಬಿಡುತ್ತಿತ್ತು.

ಹಾಲು ಇಳಿಸುವುದು ಇಷ್ಟಾಯಿತು. ಹಾಲು ತಯಾರಿಸುವುದು ಬೇರೆ ಹಾರ್ಮೋನುಗಳ ಪಾಲು, ಮುಖ್ಯವಾಗಿ ಪಿಟ್ಯೂಟರಿಯ ಮುಂಭಾಗದ ಪ್ರೊಲ್ಯಾಕ್ಟಿನ್. ಅದಕ್ಕೆ ಬೇಕಾದ ಸಾಮಾನು ತರುವುದು ರಕ್ತ. ಹಾಲಿನ ನೀರು, ಸಕ್ಕರೆ ಮಾಡಲು ಗ್ಲೂಕೋಸ್, ಕೊಬ್ಬು, ಸುಣ್ಣ, ಎಲ್ಲಾ ರಕ್ತದಿಂದಲೇ ಸೋಸಿ ತೆಗೆಯಬೇಕು. ಹಸುಗಳಲ್ಲಿ ಲೆಕ್ಕ ಹಾಕಿದ ಪ್ರಕಾರ ಒಂದು ಲೀಟರ್ ಹಾಲಿಗೆ 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾಯಬೇಕು. ದಿನಕ್ಕೆ 10 ಲೀಟರ್ ಕೊಡುವ ಹಸುವಿನ ಕೆಚ್ಚಲಲ್ಲಿ ನಾಲ್ಕೈದು ಸಾವಿರ ಲೀಟರ್ ರಕ್ತ ಓಡಾಡುತ್ತದೆ. ಒಂದು ಸಣ್ಣ ನೀರಿನ ಟ್ಯಾಂಕರ್ ಅಂದುಕೊಳ್ಳಿ. ಮೈಯಲ್ಲಿರುವ ರಕ್ತ 30-40 ಲೀಟರ್ ಮಾತ್ರ, ಅದೇ ಸುತ್ತಿ ಸುತ್ತಿ ಬರಬೇಕು.

ಹಾವೇರಿಯ ದನದ ಸಂತೆಯಲ್ಲಿ ವ್ಯಾಪಾರಸ್ಥರು ಹಲ್ಲು ಎಣಿಸಿದ ಮೇಲೆ ಬಗ್ಗಿ ಹೊಟ್ಟೆಯ ಕೆಳಗೆ ಕೈಯಾಡಿಸುತ್ತಾರೆ. ಕೆಚ್ಚಲಿನಿಂದ ಎದೆಯ ಕಡೆಗೆ ಹೋಗುವ ದಪ್ಪ ಹಾಲುನರವನ್ನು ಮುಟ್ಟಿ ನೋಡುವುದು ಅದು. ಹೆಸರಿಗೆ ನರ, ನಿಜಕ್ಕೆ ಕೆಚ್ಚಲಿನ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ. ದಪ್ಪ ಇದ್ದು ಅಂಕುಡೊಂಕಾಗಿದ್ದರೆ ರಕ್ತದ ಓಡಾಟ ಚೆನ್ನಾಗಿದೆ ಎಂದು ಲೆಕ್ಕ. ಪೂರ್ತಿ ನಂಬಬಹುದಾದ ಗುರುತಲ್ಲ ಇದು, ಆದರೆ ಬುಡವಿಲ್ಲದ ಮಾತೂ ಅಲ್ಲ.

ಬೇಸಗೆಯಲ್ಲಿ ಹಾಲು ಇಳಿಮುಖ ಆಗುವುದಕ್ಕೂ ರಕ್ತಕ್ಕೂ ನಂಟಿದೆ. ಎಮ್ಮೆಯದು ಕಪ್ಪು ತೊಗಲು, ಬೆವರಿನ ಗ್ರಂಥಿಗಳು ಹಸುವಿಗಿಂತ ಬಹಳ ಕಡಿಮೆ. ಮೈ ಕಾದಾಗ ಶಾಖ ಹೊರಹಾಕಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಕೆಚ್ಚಲಿನ ಪಾಲು ಕಡಿಮೆಯಾಗುತ್ತದೆ. ಮೇವೂ ಸೇರುವುದಿಲ್ಲ. ಕೆರೆಗೆ ಇಳಿದು ಮೂಗಷ್ಟೇ ಮೇಲಿಟ್ಟು ಕುಂತ ಎಮ್ಮೆಯನ್ನು ಸೋಮಾರಿ ಅನ್ನಬೇಡಿ. ನೆರಳಲ್ಲಿ ಮಲಗಿ ಮೆಲುಕು ಹಾಕುವಾಗಲೂ ಕೆಚ್ಚಲಿಗೆ ರಕ್ತ ಜಾಸ್ತಿ ಹೋಗುತ್ತದೆ.

ಹಾರ್ಮೋನು, ಸ್ನಾಯು, ರಕ್ತ ಈ ಮೂರೂ ಒಟ್ಟಿಗೆ ಕೈಕೊಡುವುದನ್ನು ನಾನು ಒಂದು ಸಲ ಕಂಡಿದ್ದೇನೆ. ಪಕ್ಕದ ಮನೆಯ ಜರ್ಸಿ ಆಕಳು ಈದ ಮರುದಿನ ನೆಲಕ್ಕೆ ಬಿತ್ತು. ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿಬಿಟ್ಟಿತು, ಕಿವಿ ತಣ್ಣಗೆ. ಯಾರೋ ದೃಷ್ಟಿ ತೆಗೆದರು. ದನದ ಡಾಕ್ಟರು ಬಂದು ನೋಡಿ ಇದು ಹಾಲು ಜ್ವರ ಅಂದರು. ಹೆಸರಲ್ಲಿ ಜ್ವರ, ಮೈ ಮುಟ್ಟಿದರೆ ತಂಪು. ಕಾರಣ ಸುಣ್ಣ, ಅಂದರೆ ಕ್ಯಾಲ್ಸಿಯಂ. ಎಂಥಾ ಸ್ನಾಯುವೇ ಆಗಲಿ, ಆಕ್ಟಿನ್ ಮಯೋಸಿನ್ ಜಾರಬೇಕಾದರೆ ಕ್ಯಾಲ್ಸಿಯಂ ಸನ್ನೆ ಕೊಡಬೇಕು. ಆಕಳಿನ ರಕ್ತದ ದ್ರವದಲ್ಲಿ ಒಟ್ಟು ಸುಮಾರು 3 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಒಂದು ಲೀಟರ್ ಗಿಣ್ಣದ ಹಾಲಿಗೆ 2 ಗ್ರಾಂಗಿಂತ ಜಾಸ್ತಿ ಹೋಗುತ್ತದೆ. ಎರಡು ಲೀಟರ್ ಗಿಣ್ಣಕ್ಕೆ ರಕ್ತದ ಗಂಟೇ ಖಾಲಿ! ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸಿ ತರಲು ಪ್ಯಾರಾಥೈರಾಯ್ಡ್ ಹಾರ್ಮೋನು ಇದೆ. ಆದರೆ ಆ ಕೆಲಸ ವೇಗ ಹಿಡಿಯಲು ಒಂದೆರಡು ದಿನ ಬೇಕು. ಆ ಎರಡು ದಿನದ ಸಂದಿಯಲ್ಲಿ ಆಕಳು ಬೀಳುತ್ತದೆ. ಕಾಲಿನ ಸ್ನಾಯು ಸೋತು, ಹೊಟ್ಟೆ ನಿಂತು, ಹೃದಯದ ಬಡಿತವೂ ಕ್ಷೀಣ.

ಡಾಕ್ಟರು ಕುತ್ತಿಗೆಯ ನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಹಚ್ಚಿದರು. ನಿಧಾನಕ್ಕೆ ಬಿಡುತ್ತ, ಸ್ಟೆತೋಸ್ಕೋಪನ್ನು ಎದೆಯಿಂದ ತೆಗೆಯಲೇ ಇಲ್ಲ. "ಲಗೂನ ಬಿಡ್ರಿ ಸರ" ಎಂದು ಆಕಳಿನ ಮಾಲಕ ಅವಸರ ಮಾಡಿದ. "ಜೋರಾಗಿ ಬಿಟ್ರ ಎದಿ ನಿಂತ ಹೋಗತೈತಿ" ಅಂದರು. ಹೃದಯವೂ ಸ್ನಾಯುವೇ ತಾನೆ. ಕ್ಯಾಲ್ಸಿಯಂ ಕಡಿಮೆಯಾದರೂ ಅದಕ್ಕೆ ತೊಂದರೆ, ಒಮ್ಮೆಲೇ ಜಾಸ್ತಿಯಾದರೂ ತೊಂದರೆ. ಬಾಟಲಿ ಮುಗಿಯುವ ಹೊತ್ತಿಗೆ ಆಕಳು ತೇಗಿತು, ಸಗಣಿ ಹಾಕಿತು, ಮುಂಗಾಲು ಊರಿ ಎದ್ದು ನಿಂತಿತು. ದೃಷ್ಟಿ ತೆಗೆದವರು ತಮ್ಮದೇ ಫಲ ಅಂದರು, ಬಿಡಿ.

ಇನ್ನು ಇಂಜೆಕ್ಷನ್ ವಿಷಯ. ಕಾಯುವ ತಾಳ್ಮೆ ಇಲ್ಲದವರು, ಕರು ಕಳೆದುಕೊಂಡ ಎಮ್ಮೆ ಇರುವವರು ಆಕ್ಸಿಟೋಸಿನ್ ಚುಚ್ಚಿ ಹಾಲು ಇಳಿಸುವುದುಂಟು. ಹಾಲು ಇಳಿಯುತ್ತದೆ, ಸುಳ್ಳಲ್ಲ. ಆದರೆ ದಿನಾ ಚುಚ್ಚಿದರೆ ಮೈ ಅದಕ್ಕೆ ಒಗ್ಗಿಬಿಡುತ್ತದೆ. ಒಂದು ದಿನ ಸೂಜಿ ಇಲ್ಲದಿದ್ದರೆ ತೊರೆಯೇ ಬರುವುದಿಲ್ಲ. ಅದನ್ನು ಕುಡಿದ ಮಕ್ಕಳ ಗತಿ ಏನು ಎಂದು ಜನ ಕೇಳುತ್ತಾರೆ. ಹಾಲಿನಲ್ಲಿ ಸ್ವಲ್ಪ ಇದ್ದರೂ ಈ ಪುಟ್ಟ ಸರ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನಂತೆಯೇ ಜೀರ್ಣವಾಗುತ್ತದೆ. ಪೆಟ್ಟು ಬೀಳುವುದು ಎಮ್ಮೆಗೆ. 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇದನ್ನು ತಯಾರಿಸುವುದನ್ನು ತಡೆಯಲು ಹೊರಟಿತ್ತು. ಹೆರಿಗೆಯ ರಕ್ತಸ್ರಾವ ನಿಲ್ಲಿಸಲು ತಾಯಂದಿರಿಗೆ ಇದೇ ಔಷಧಿ ಬೇಕಲ್ಲ, ಹಾಗಾಗಿ ದೆಹಲಿ ಹೈಕೋರ್ಟ್ ಅದೇ ವರ್ಷ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದು ಮಾಡಿತು.

ಸೂಜಿ ಇಲ್ಲದ ಕಾಲದಲ್ಲಿ ಇದಕ್ಕಿಂತ ಕ್ರೂರವಾದ ಫೂಕಾ ಎಂಬ ಪದ್ಧತಿ ಇತ್ತು. ಹಸುವಿನ ಯೋನಿಗೆ ಕೊಳವೆಯಿಂದ ಗಾಳಿ ಊದುವುದು. ಕರು ಹುಟ್ಟುವಾಗ ಆ ದಾರಿ ಹಿಗ್ಗಿದರೆ ಮಿದುಳು ಆಕ್ಸಿಟೋಸಿನ್ ಬಿಡುತ್ತದೆ. ಗಾಳಿ ಊದಿ ಆ ಮಿದುಳನ್ನು ಮೋಸಗೊಳಿಸುತ್ತಿದ್ದರು. ಗಾಂಧೀಜಿಗೆ ಹಾಲಿನ ಮೇಲೆ ಹೇಸಿಗೆ ಬಂದದ್ದಕ್ಕೆ ಫೂಕಾದ ಸುದ್ದಿಯೂ ಒಂದು ಕಾರಣ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಫೂಕಾವನ್ನು ಹೆಸರು ಹಿಡಿದೇ ಅಪರಾಧ ಮಾಡಿದೆ. ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡಿಸುವ ಇಂಜೆಕ್ಷನ್ನಿಗೂ ಅದೇ ಶಿಕ್ಷೆ.

ಪೇಡೆಯ ಮಾತು ಬಿಟ್ಟರೆ ಧಾರವಾಡದವರು ಸಿಟ್ಟಾದಾರು. ನಮ್ಮ ಭಾಗದ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿ ಎಂಬ ಮಾನ್ಯತೆ ಸಿಕ್ಕಿತು. ಮುರ್ರಾ ಎಂಬ ಎಮ್ಮೆ ತಳಿಯಷ್ಟು ಹಾಲು ಇದು ಕೊಡುವುದಿಲ್ಲ, ಆದರೆ ಹಾಲು ಗಟ್ಟಿ, ಪೇಡೆಗೆ ಹೇಳಿ ಮಾಡಿಸಿದ್ದು. ತೊರೆಯ ಲೆಕ್ಕ ಇಲ್ಲಿಯೂ ಬರುತ್ತದೆ. ಕೊಬ್ಬಿನ ಹನಿಗಳು ಗುಳ್ಳೆಗಳಲ್ಲಿ ಕೊನೆಯ ತನಕ ಅಂಟಿಕೊಂಡು ಕೂಡುತ್ತವೆ. ಮೊದಲ ಧಾರೆಗಿಂತ ಕೊನೆಯ ಧಾರೆಯಲ್ಲಿ ಬೆಣ್ಣೆ ಬಹಳ ಜಾಸ್ತಿ. ಅರ್ಧ ತೊರೆ ಬಿಟ್ಟ ಎಮ್ಮೆಯಿಂದ ಬರುವುದು ತೆಳು ಹಾಲು, ಖವಾ ಕಡಿಮೆ ಬೀಳುತ್ತದೆ. ಒಳಗೆ ಉಳಿದ ಹಾಲು ಸುಮ್ಮನೆ ಇರುವುದಿಲ್ಲ, ಹೊಸ ಹಾಲಿನ ತಯಾರಿಕೆಯನ್ನೇ ನಿಧಾನ ಮಾಡುತ್ತದೆ. ರಕ್ತಕ್ಕೆ ಬಂದ ಆಕ್ಸಿಟೋಸಿನ್ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ, ಹಿಂಡುವ ಕೈ ನಿಂತರೆ ಹೊಸದು ಬರುವುದೂ ನಿಲ್ಲುತ್ತದೆ. ತೊರೆ ಇಳಿದ ಮೇಲೆ ನಡುವೆ ಎದ್ದು ಫೋನಿನಲ್ಲಿ ಮಾತಾಡುವವರಿಗೆ ನಷ್ಟ ಖಾತ್ರಿ.

ಚಿಗವ್ವನಿಗೆ ಈಗ ಮೊಣಕಾಲು ನೋವು, ಕುಕ್ಕರಗಾಲಲ್ಲಿ ಕೂಡಲು ಆಗುವುದಿಲ್ಲ. ನಾಲ್ಕು ವರ್ಷದಿಂದ ಕಾಕಾನೇ ಹಿಂಡುತ್ತಾನೆ, ಸೀರೆ ಇಲ್ಲದೆ. ಹೆಗಲ ಮೇಲೆ ಒಂದು ಚೌಕಡಿ ಟಾವೆಲು, ಬಾಯಲ್ಲಿ ಎಲೆ ಅಡಿಕೆ. ಕಳೆದ ಶ್ರಾವಣದಲ್ಲಿ ಅವನು ಎರಡು ದಿನ ಊರಲ್ಲಿರಲಿಲ್ಲ. ಮಣೆಯ ಮೇಲೆ ಕುಂತು ಹಿಂಡಲು ಹೋದ ಚಿಗವ್ವನಿಗೆ ಎಮ್ಮೆ ಕಾಲು ಝಾಡಿಸಿತು. ಆಕೆ ಬೈಯಲಿಲ್ಲ. ಒಳಗೆ ಹೋಗಿ ಆ ಟಾವೆಲನ್ನು ಹೆಗಲಿಗೆ ಹಾಕಿಕೊಂಡು, ಒಂದು ಎಲೆ ಮಡಿಚಿ ಬಾಯಿಗಿಟ್ಟುಕೊಂಡು ಬಂದಳು.